ಫ್ರೇಸಲ್ ವರ್ಬ್ ಕಲಿಸೂದಾದ್ರ ನಮ್ಮ ‘ಹಚ್ಚು’, ‘ಬಿಡು’ ಹಿಡ್ಕೊಂಡು ಕಲಿಸ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ಸ್ಪರ್ಧಾ ಪರೀಕ್ಷೆ ಪುಟದಾಗ ಬರೋ ಇಂಗ್ಲಿಷ್ ಕಲಿಕೆ ಅಂಕಣ ನಾನು ತಪ್ಪದ ಓದ್ತೀನಿ, ಕ್ಲಾಸಿಗೆ ಬರೋ ಹುಡುಗ್ರಿಗೂ ಕತ್ತರಿಸಿ ಇಟ್ಕೊಳ್ರಿ ಅಂತ ಹೇಳ್ತೀನಿ, ಯಾಕಂದ್ರ ನಮ್ಮ ಕಡೆ ಹಳ್ಳಿಯಿಂದ ಬಂದು ಧಾರವಾಡ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಓದೋ ಹುಡುಗ್ರಿಗೆ ದಿನಾ ಕೈಗೆ ಸಿಗೋ ಇಂಗ್ಲಿಷ್ ಪಾಠ ಅಂದ್ರ ಅದ. ನಾನು ಹುಬ್ಬಳ್ಳಿ ವಿದ್ಯಾನಗರದಾಗ ಸಂಜಿಮುಂದ ಸ್ಪೋಕನ್ ಇಂಗ್ಲಿಷ್ ಹೇಳಿಕೊಡೋ ಮಾಸ್ತರ. ಇತ್ತೀಚಿಗೆ ಅಂಕಣದಾಗ ಫ್ರೇಸಲ್ ವರ್ಬ್, ಅಂದ್ರ ಕ್ರಿಯಾಪದಕ್ಕ ಅಪ್, ಆಫ್ ಥರದ ಸಣ್ಣ ಶಬ್ದ ಹಚ್ಚಿ ಹೊಸ ಅರ್ಥ ಮಾಡೋ ಮಾತು, ಬರಾಕತ್ತಾವು, ಅದರ ಬಗ್ಗೆ ಎರಡು ಮಾತು ಹೇಳೂದೈತಿ, ಪತ್ರ ಉದ್ದ ಆಗ್ತೈತಿ, ಜಾಗ ಕೊಟ್ರ ಉಪಕಾರ ಆಗ್ತೈತಿ.

ಈಗ ಬರೋ ರೀತಿ ಹೆಂಗೈತಿ ಅಂದ್ರ ಒಂದು ವಾರ ‘ಬ್ರೇಕ್’ ತಗೊಂಡು ಬ್ರೇಕ್ ಅಪ್, ಬ್ರೇಕ್ ಡೌನ್, ಬ್ರೇಕ್ ಇನ್, ಬ್ರೇಕ್ ಔಟ್ ಅಂತ ಸಾಲಾಗಿ ಬರ್ದು ಎದುರಿಗೆ ಒಂದೊಂದು ಕನ್ನಡ ಶಬ್ದ, ಮುಂದಿನ ವಾರ ‘ಪುಟ್’, ಅದರ ಮುಂದಿನ ವಾರ ‘ಗೆಟ್’. ಕನ್ನಡ ಶಬ್ದ ಅಂದ್ರೂ ಅವು ‘ಪರಿತ್ಯಜಿಸು’, ‘ನಿರಾಕರಿಸು’, ‘ನಂದಿಸು’, ‘ಸ್ಥಗಿತಗೊಳಿಸು’ ಅನ್ನೋ ಥರದವು, ನಮ್ಮ ಮನಿಯೊಳಗ ಯಾರೂ ಬಾಯಿಬಿಟ್ಟು ಆಡದೇ ಇರೋವು. ಹುಡುಗ ಅದನ್ನ ಉರು ಹೊಡದು ಬ್ಯಾಂಕ್ ಪರೀಕ್ಷಾಕೋ ಕೇಂದ್ರ ಸರ್ಕಾರಿ ನೌಕರಿಯ ಎಸ್‌ಎಸ್‌ಸಿ ಪರೀಕ್ಷಾಕೋ ಹೋಗಿ ಒಂದು ಮಾರ್ಕ್ಸ್ ತಗೊಂಡು ಬರಬಹುದು, ಆದ್ರ ಇಂಟರ್‌ವ್ಯೂದಾಗ ಯಾರರ ‘ಹ್ಯಾಂಗ್ ಆನ್’ (ತಡಿ) ಅಂದ್ರ ಸುಮ್ಮನ ಮಾರಿ ನೋಡ್ತಾನ. ಒಂದ ವರ್ಬ್ ಹಿಡ್ಕೊಂಡು ಹತ್ತು ಪಾರ್ಟಿಕಲ್, ಅಂದ್ರ ಅಪ್, ಆಫ್ ಥರದ ಬಾಲ, ಸಾಲಾಗಿ ಹಚ್ಚಿದ್ರ ಮರುದಿನ ಅವು ಒಂದಕ್ಕೊಂದು ಕಲಸ್ಕೊಂಡು ಹೋಗ್ತಾವು, ಇದು ನಾನು ಕ್ಲಾಸಿನ್ಯಾಗ ದಿನಾ ನೋಡೂದು. ಪುಟ್ ಆಫ್ (ಮುಂದಕ್ಕ ಹಾಕು), ಪುಟ್ ಔಟ್ (ಆರ್ಸು), ಪುಟ್ ಅಪ್ ವಿತ್ (ತಾಳ್ಕೋ), ಇವು ಮೂರಕ್ಕೂ ಅರ್ಥದಾಗ ಏನೂ ಸಂಬಂಧ ಇಲ್ಲ, ‘ಪುಟ್’ ಅನ್ನೋ ಶಬ್ದ ಒಂದ ಅಷ್ಟ ಸಾಮಾನ್ಯ, ಮತ್ತ ಯಾಕ ಒಂದ ಕಡೆ ಕೂಡಿ ಹಾಕಬೇಕ್ರಿ?

ಇದಕ್ಕ ಬ್ಯಾರೆ ದಾರಿ ಐತಿ ಅಂತ ನನಗ ಗೊತ್ತಾಗಿದ್ದು ಸ್ಪ್ಯಾನಿಷ್ ಕಡಿಂದ. ನನ್ನ ಕ್ಲಾಸಿನ ಒಬ್ಬ ಹುಡುಗಿಗೆ ಇಲ್ಲೇ ಹುಬ್ಬಳ್ಳ್ಯಾಗ ಒಂದು ಕಂಪನಿಯೊಳಗ ಫೋನ್ ಮ್ಯಾಲ ಗಿರಾಕಿಗೋಳ ಜೋಡಿ ಮಾತಾಡೋ ಕೆಲಸ ಸಿಕ್ತು, ಗಿರಾಕಿಗೋಳು ಅರ್ಧ ಮಂದಿ ಮೆಕ್ಸಿಕೊ, ಕೊಲಂಬಿಯಾ ಕಡಿಯವ್ರು, ಹಂಗಾಗಿ ಆಕಿ ಸ್ಪ್ಯಾನಿಷ್ ಕಲಿಯಾಕ ಶುರು ಮಾಡಿದ್ಲು. ಸ್ಪ್ಯಾನಿಷ್ ಮಾತಾಡೋ ಮಂದಿ ಇಂಗ್ಲಿಷ್ ಕಲಿಯಾಕ ಮಾಡ್ಕೊಂಡಿದ್ದ ಫ್ರೇಸಲ್ ವರ್ಬ್ ಪಟ್ಟಿ ಒಂದು ಆಕಿ ಹತ್ರ ಇತ್ತು, ಎಡಕ್ಕ ಇಂಗ್ಲಿಷ್ ಬಲಕ್ಕ ಸ್ಪ್ಯಾನಿಷ್, ಅರ್ಥ ಕೇಳಾಕ ನನ್ನ ಕಡೆ ತಂದಿದ್ಲು. ಅದನ್ನ ಕುಂತು ಓದಿದಾಗ ಗೊತ್ತಾಗಿದ್ದು ಏನಂದ್ರ ಆ ಬಲಗಡೆ ಸ್ಪ್ಯಾನಿಷ್ ಜಾಗಾದಾಗ ನಮ್ಮ ಧಾರವಾಡ ಕನ್ನಡ ಬರದ್ರ ಭಾಳಷ್ಟು ಕಡೆ ಹಂಗ ಹೊಂದಿಕೊಂಡು ಕುಂದರ್ತೈತಿ. ಅಲ್ಲಿಂದ ನಾನೂ ಒಂದೀಟು ಸ್ಪ್ಯಾನಿಷ್ ಓದಾಕ ಹತ್ತಿದೆ. ಆ ಭಾಷಾ ಇಪ್ಪತ್ತು ದೇಶದಾಗ ಅಧಿಕೃತ ಭಾಷಾ ಐತಿ, ಅಷ್ಟು ಮಂದಿ ಇಂಗ್ಲಿಷ್ ಕಲಿಯುವಾಗ ಇದ ಗ್ವಾಡಿಗೆ ಬಂದು ನಿಂದರ್ತಾರ, ನಮ್ಮ ಹುಡುಗ್ರು ನಿಂತ ಗ್ವಾಡಿನೂ ಇದ.

ಒಂದು ಉದಾಹರಣೆ ಸರಿಯಾಗಿ ಬಿಡಿಸಿ ಹೇಳ್ತೀನಿ. ಇಂಗ್ಲಿಷಿನ್ಯಾಗ ಲೈಟ್ ಆರಸಾಕ ಟರ್ನ್ ಆಫ್, ಬೆಂಕಿ ಆರಸಾಕ ಪುಟ್ ಔಟ್, ಮೇಣಬತ್ತಿ ಊದಿ ಆರಸಾಕ ಬ್ಲೋ ಔಟ್. ಸ್ಪ್ಯಾನಿಷಿನ್ಯಾಗ ಮೂರಕ್ಕೂ ‘ಅಪಗಾರ್’ ಅಂದ್ರ ನಡೀತೈತಿ. ನಮ್ಮಲ್ಲಿ? ಲೈಟ್ ಆರ್ಸು, ಬೆಂಕಿ ಆರ್ಸು, ದೀಪ ಆರ್ಸು. ತಿರುಗಿ ನೋಡ್ರಿ, ಲೈಟ್ ಟರ್ನ್ ಆನ್ ಮಾಡಾಕ, ಟಿವಿ ಸ್ವಿಚ್ ಆನ್ ಮಾಡಾಕ, ಒಲಿ ಹೊತ್ತಸಾಕ ಸ್ಪ್ಯಾನಿಷ್ ಮಂದಿ ‘ಎನ್ಸೆಂದೇರ್’ ಅಂತಾರ, ನಾವು ‘ಹಚ್ಚು’ ಅಂತೀವಿ. ದೀಪಾ ಹಚ್ಚು, ಲೈಟ್ ಹಚ್ಚು, ಫ್ಯಾನ್ ಹಚ್ಚು, ಟಿವಿ ಹಚ್ಚು, ಒಲಿ ಹಚ್ಚು. ಬೆಂಗಳೂರು ಕಡಿಯವ್ರಿಗೆ ಫ್ಯಾನ್ ಹಚ್ಚು ಅಂದ್ರ ನಗಿ ಬರ್ತೈತಿ, ಅವ್ರು ಫ್ಯಾನ್ ಹಾಕು ಅಂತಾರ, ಇರ್ಲಿ, ಆದ್ರ ಈ ‘ಹಚ್ಚು’ ಅನ್ನೂದು ಇಂಗ್ಲಿಷಿನ ಎಷ್ಟು ಫ್ರೇಸಲ್ ವರ್ಬ್‌ಗೆ ಉತ್ತರ ಕೊಡ್ತೈತಿ ಅಂತ ಒಮ್ಮೆ ಕುಂತು ನೋಡಬೇಕು. ಫೋನ್ ಹಚ್ಚು ಅಂದ್ರ ರಿಂಗ್ ಅಪ್, ಕಾಲ್ ಅಪ್. ಪತ್ತೆ ಹಚ್ಚು ಅಂದ್ರ ಫೈಂಡ್ ಔಟ್, ಸ್ಪ್ಯಾನಿಷಿನ್ಯಾಗ ‘ಅಬೆರಿಗ್ವಾರ್’. ಅಳಸಾಕ ಹಚ್ಚಿದ, ನಗಸಾಕ ಹಚ್ಚಿದ ಅಂದ್ರ ಸೆಟ್ ಆಫ್ ಹತ್ರ ಹತ್ರ ಬರ್ತೈತಿ. ಸಾಲಿಗೆ ಹಚ್ಚು, ಎಣ್ಣಿ ಹಚ್ಚು, ಗಾಡಿ ಬದಿಗೆ ಹಚ್ಚು, ಇವಕ್ಕ ಇಂಗ್ಲಿಷಿನ್ಯಾಗ ಬ್ಯಾರೆ ಬ್ಯಾರೆ ಮಾತು ಬೇಕು. ಇಷ್ಟು ಕೆಲಸ ಮಾಡೋ ಒಂದು ಶಬ್ದ ಪ್ರತಿ ಹುಡುಗನ ಬಾಯಾಗ ಹುಟ್ಟಿದಾಗಿಂದ ಐತಿ, ಅದನ್ನ ಬಿಟ್ಟು ಅವಂಗ ‘ಚಾಲನೆಗೊಳಿಸು’ ಅಂತ ಯಾಕ ಬರದು ಕೊಡಬೇಕು.

ಇದರ ಹಿಂದಿನ ಕಾರಣನೂ ಅಂಕಣದಾಗ ಒಮ್ಮೆ ಬರ್ಲಿ, ಹುಡುಗ್ರಿಗೆ ಕಾರಣ ಗೊತ್ತಾದ್ರ ಅಂಜಿಕೆ ಹೋಗ್ತೈತಿ. ಇಂಗ್ಲಿಷ್ ಮೂಲದಾಗ ಜರ್ಮನ್ ಕಡೆಯ ಭಾಷಾ, ಅಲ್ಲಿ ಸಣ್ಣ ಕ್ರಿಯಾಪದಕ್ಕ ಅಪ್, ಆಫ್, ಔಟ್ ಅಂತ ಬಾಲ ಹಚ್ಚಿ ಹೊಸ ಅರ್ಥ ಮಾಡೂದು ಹಳೇ ಚಾಳಿ. 1066ರಾಗ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮ್ಯಾಲ ಆಸ್ಥಾನ, ಕೋರ್ಟು, ಕಚೇರಿ ಎಲ್ಲಾ ಕಡೆ ಫ್ರೆಂಚ್ ಬಂತು, ಫ್ರೆಂಚ್ ಕೂಡ ಲ್ಯಾಟಿನ್ನಿನ ಮಗಳು, ಅದರ ಜೋಡಿ ಲ್ಯಾಟಿನ್ ಶಬ್ದ ಗಾಡಿ ಗಾಡಿ ಒಳಗ ಬಂದ್ವು. ಹಿಂಗಾಗಿ ಇಂಗ್ಲಿಷಿನ್ಯಾಗ ಒಂದ ಕೆಲಸಕ್ಕ ಎರಡು ಮಾತು ಆದ್ವು, ಮನಿ ಮಾತು ಪುಟ್ ಆಫ್, ಕಚೇರಿ ಮಾತು ಪೋಸ್ಟ್‌ಪೋನ್. ಲ್ಯಾಟಿನ್ನಿನ್ಯಾಗ ‘ಪೋಸ್ಟ್’ ಅಂದ್ರ ಆಮ್ಯಾಲ, ‘ಪೊನೆರೆ’ ಅಂದ್ರ ಇಡು. ಸ್ಪ್ಯಾನಿಷ್ ಲ್ಯಾಟಿನ್ನಿನ ಇನ್ನೊಂದು ಮಗಳಾದ್ದರಿಂದ ಅವ್ರಿಗೆ ‘ಪೊಸ್ಪೊನೇರ್’ ದಿನನಿತ್ಯದ ಶಬ್ದ, ಅದಕ್ಕ ಅವ್ರು ಇಂಗ್ಲಿಷ್ ಮಾತಾಡುವಾಗ ಪೋಸ್ಟ್‌ಪೋನ್, ಟಾಲರೇಟ್, ಎಕ್ಸ್‌ಟಿಂಗ್ವಿಶ್ ಅಂತ ದೊಡ್ಡ ದೊಡ್ಡ ಶಬ್ದ ಸರಾಗ ಆಡ್ತಾರ, ಗೆಟ್ ಬೈ (ಹೆಂಗೋ ನಡಸು), ಗೆಟ್ ಅಲಾಂಗ್ (ಹೊಂದ್ಕೊಂಡು ಹೋಗು) ಬಂದ್ರ ಮುಗ್ಗರಿಸ್ತಾರ. ನಮ್ಮ ಹುಡುಗ್ರೂ ಹಂಗ ಮಾಡೂದು, ಕಾರಣ ಮಾತ್ರ ಬ್ಯಾರೆ. ನಾವು ಇಂಗ್ಲಿಷ್ ಕಲಿತಿದ್ದು ಕಾಗದದಿಂದ, ರಜಾ ಅರ್ಜಿ, ಸರ್ಕಾರಿ ಆರ್ಡರ್, ಟೆಕ್ಸ್ಟ್ ಬುಕ್, ಎಲ್ಲಾ ಕಡೆ ಕಚೇರಿ ಮಾತ ಇದ್ದಿದ್ದು. ಮನಿ ಇಂಗ್ಲಿಷ್ ನಮ್ಮ ಕಿವಿಗೆ ಬೀಳಲೇ ಇಲ್ಲ.

ಹಂಗಂತ ‘ಪೋಸ್ಟ್‌ಪೋನ್ ಅಂದ್ರ ಆತಲ್ಲ, ಪುಟ್ ಆಫ್ ಯಾಕ ಬೇಕು’ ಅಂತ ಕೆಲವು ಮಾಸ್ತರ ಮಂದಿ ಹೇಳ್ತಾರ. ಬರಿಯಾಕ ಆದ್ರ ಆಗ್ಲಿ, ಅರ್ಜ್ಯಾಗ ಪೋಸ್ಟ್‌ಪೋನ್ ಚೊಲೊನ ಐತಿ. ಆದ್ರ ಎದುರಿನವ್ರು ಏನು ಆಡ್ತಾರ ಅನ್ನೂದು ನಮ್ಮ ಕೈಯಾಗ ಇಲ್ಲ. ಆ ಫೋನ್ ಕೆಲಸದ ಹುಡುಗಿದು ತಗೊಳ್ರಿ, ಗಿರಾಕಿ ‘ಹ್ಯಾಂಗ್ ಆನ್’ ಅಂದ್ರ ತಡಿ ಅಂತ, ‘ಹ್ಯಾಂಗ್ ಅಪ್’ ಅಂದ್ರ ಫೋನ್ ಇಡು ಅಂತ, ಒಂದು ಸಣ್ಣ ಬಾಲ ತಪ್ಪಿ ಕೇಳಿದ್ರ ಕಾಲ್ ಕಟ್ ಆಗಿ ಹೋಗ್ತೈತಿ. ‘ಐ ವಿಲ್ ಪುಟ್ ಯು ಥ್ರೂ’ ಅಂದ್ರ ಬ್ಯಾರೆಯವ್ರಿಗೆ ಲೈನ್ ಕೊಡ್ತೀನಿ ಅಂತ, ‘ವಿ ಗಾಟ್ ಕಟ್ ಆಫ್’ ಅಂದ್ರ ಲೈನ್ ಕಟ್ ಆಗಿತ್ತು ಅಂತ. ಇವಕ್ಕೆಲ್ಲಾ ಕಚೇರಿ ಮಾತು ಯಾರೂ ಆಡಂಗಿಲ್ಲ. ಹ್ಯಾಂಗ್ ಅಪ್ ಅಂತ ಯಾಕ ಅಂತಾರ ಅಂದ್ರ ಹಳೇ ಗ್ವಾಡಿ ಫೋನಿನ್ಯಾಗ ರಿಸೀವರ್ ಕೊಂಡಿಗೆ ತೂಗು ಹಾಕ್ತಿದ್ರು, ಸ್ಪ್ಯಾನಿಷಿನ್ಯಾಗೂ ಫೋನ್ ಇಡೂದಕ್ಕ ‘ಕೊಲ್ಗಾರ್’, ಗ್ವಾಡಿಗೆ ಬಟ್ಟಿ ತೂಗು ಹಾಕೂದಕ್ಕೂ ‘ಕೊಲ್ಗಾರ್’. ನಾವು ‘ಹಂಗಾರ ಇಡ್ತೀನ್ರಿ’ ಅಂತೀವಿ, ಮೊಬೈಲ್ ಕೈಯಾಗ ಇದ್ರೂ ಇಡ್ತೀನಿ ಅಂತನ ಅಂತೀವಿ. ಈ ಒಂದು ಸಾಲು ಕ್ಲಾಸಿನ್ಯಾಗ ಹೇಳಿದ್ರ ಸಾಕು, ಹ್ಯಾಂಗ್ ಅಪ್ ಯಾರೂ ಮರಿಯೂದಿಲ್ಲ.

ಇನ್ನು ಹೋಗೂದು ಬರೂದು ಏರೂದು ಇಳಿಯೂದು, ಇದರಾಗ ಕನ್ನಡ ಮತ್ತ ಸ್ಪ್ಯಾನಿಷ್ ಎಷ್ಟು ಹತ್ರ ಅದಾವು ಅಂದ್ರ ನನಗ ಮೊದಲು ನಂಬಿಕಿ ಬರ್ಲಿಲ್ಲ. ಗೋ ಅಪ್ ‘ಸುಬೀರ್’ ನಮ್ಮದು ಏರು ಇಲ್ಲಾ ಹತ್ತು, ಗೋ ಡೌನ್ ‘ಬಹಾರ್’ ನಮ್ಮದು ಇಳಿ. ಇಂಗ್ಲಿಷಿನ್ಯಾಗ ಬಸ್ಸಿಗೆ ಗೆಟ್ ಆನ್, ಗೆಟ್ ಆಫ್, ಕಾರಿಗೆ ಗೆಟ್ ಇನ್, ಗೆಟ್ ಔಟ್. ನಮಗ ಬಸ್ ಹತ್ತು ಬಸ್ ಇಳಿ, ಕಾರ್ ಹತ್ತು ಕಾರ್ ಇಳಿ, ಅವ್ರಿಗೂ ಎರಡಕ್ಕೂ ಅದ ಸುಬೀರ್, ಅದ ಬಹಾರ್. ಬಸ್ಸು, ರೈಲು, ವಿಮಾನದಂಥ ಎದ್ದು ಓಡ್ಯಾಡೋ ಗಾಡಿಗೆ ಆನ್, ಬಗ್ಗಿ ಕುಂದರೋ ಕಾರು ಆಟೊಕ್ಕ ಇನ್, ಇಷ್ಟು ಒಂದು ಸುಳಿವು ಕೊಟ್ರ ಹುಬ್ಬಳ್ಳಿ ಧಾರವಾಡ ನಡುವ ದಿನಾ ಬಿಆರ್‌ಟಿಎಸ್ ಬಸ್ ಹತ್ತಿ ಇಳಿಯೋ ಹುಡುಗ್ರಿಗೆ ಅಭ್ಯಾಸಕ್ಕ ಬ್ಯಾರೆ ಪುಸ್ತಕ ಬೇಕಾಗಿಲ್ಲ.

ಇದರಾಗ ಇನ್ನೂ ಒಳಗ ಒಂದು ವಿಷಯ ಐತಿ. ಲೆನರ್ಡ್ ಟಾಲ್ಮಿ ಅನ್ನೋ ಅಮೆರಿಕದ ಭಾಷಾಶಾಸ್ತ್ರಜ್ಞರು 1985ರ ಹೊತ್ತಿಗೆ ಇದನ್ನ ಬಿಡಿಸಿ ಹೇಳ್ಯಾರ. ಯಾರರ ಎಲ್ಲಿಗರ ಹೋದ್ರು ಅನ್ನೂದನ್ನ ಹೇಳುವಾಗ ಎರಡು ಸಂಗತಿ ಇರ್ತಾವು, ಯಾವ ದಿಕ್ಕಿಗೆ ಅನ್ನೂದು ಒಂದು, ಹೆಂಗ ಅನ್ನೂದು ಇನ್ನೊಂದು. ಇಂಗ್ಲಿಷ್ ‘ಹೆಂಗ’ ಅನ್ನೂದನ್ನ ಕ್ರಿಯಾಪದದಾಗ ಇಟ್ಟು ದಿಕ್ಕನ್ನ ಆ ಸಣ್ಣ ಬಾಲಕ್ಕ ಕೊಡ್ತೈತಿ, ‘ರ‍್ಯಾನ್ ಔಟ್’. ಸ್ಪ್ಯಾನಿಷ್ ಉಲ್ಟಾ, ದಿಕ್ಕು ಕ್ರಿಯಾಪದದಾಗ, ಹೆಂಗ ಅನ್ನೂದು ಬಾಜೂಕ, ‘ಸಲಿಯೋ ಕೊರ್ರಿಯೆಂದೊ’, ಅಂದ್ರ ‘ಓಡ್ಕೊಂತ ಹೊರಬಿದ್ದ’. ನಮ್ಮದೂ ಅದ ದಾರಿ ನೋಡ್ರಿ! ‘ಓಡ್ಕೊಂತ ರಸ್ತೆ ದಾಟಿದ’ ಅನ್ನೂದಕ್ಕ ಸ್ಪ್ಯಾನಿಷ್ ‘ಕ್ರುಸೋ ಲಾ ಕಾಯೆ ಕೊರ್ರಿಯೆಂದೊ’, ಕ್ರುಸೋ ಅಂದ್ರ ದಾಟಿದ, ಕಾಯೆ ಅಂದ್ರ ರಸ್ತೆ, ಕೊರ್ರಿಯೆಂದೊ ಅಂದ್ರ ಓಡ್ಕೊಂತ. ಇಂಗ್ಲಿಷಿನ್ಯಾಗ ‘ಹಿ ರ‍್ಯಾನ್ ಅಕ್ರಾಸ್ ದಿ ರೋಡ್’ ಅಂತ ಬರಬೇಕು, ನಮ್ಮ ಹುಡುಗ್ರು ‘ಹಿ ಕ್ರಾಸ್ಡ್ ದಿ ರೋಡ್ ಬೈ ರನ್ನಿಂಗ್’ ಅಂತ ಬರೀತಾರ. ಮಾಸ್ತರು ಕೆಂಪು ಗೀಟು ಹಾಕಿ ಕೈಬಿಟ್ರ ಅವ್ನಿಗೆ ಯಾಕ ತಪ್ಪು ಅಂತ ಯಾವಾಗೂ ತಿಳಿಯಂಗಿಲ್ಲ. ‘ನಿನ್ನ ಕನ್ನಡ ದಾಟೂದನ್ನ ಮುಂದ ಇಡ್ತೈತಿ, ಇಂಗ್ಲಿಷ್ ಓಡೂದನ್ನ ಮುಂದ ಇಟ್ಟು ದಾಟೂದನ್ನ ಅಕ್ರಾಸ್‌ಗೆ ಬಿಡ್ತೈತಿ’ ಅಂತ ಒಮ್ಮೆ ಹೇಳಿ ನೋಡ್ರಿ, ಆಮ್ಯಾಲ ಅವ ತಾನ ‘ಕ್ಲೈಂಬ್ಡ್ ಡೌನ್’, ‘ವಾಕ್ಡ್ ಇನ್’, ‘ಜಂಪ್ಡ್ ಓವರ್’ ಅಂತ ಕಟ್ಟಾಕ ಶುರು ಮಾಡ್ತಾನ. ಕ್ಲಾಸಿನ್ಯಾಗ ಕಣ್ಣಾರೆ ನೋಡಿದ ಮಾತಿದು.

ದಿಕ್ಕಿನ ಮಾತು ಸುಲಭ, ಕಷ್ಟ ಇರೂದು ‘ಅಪ್’ ಅಂದ್ರ ಮ್ಯಾಲ ಅಂತ ಅರ್ಥ ಇಲ್ಲದೇ ಇರೋ ಕಡೆ. ಈಟ್ ಅಪ್, ಯೂಸ್ ಅಪ್, ಡ್ರಿಂಕ್ ಅಪ್, ಟೇರ್ ಅಪ್. ಇಲ್ಲಿ ಅಪ್ ಅಂದ್ರ ಪೂರಾ ಮುಗಿಸೂದು. ಇದಕ್ಕ ಇಂಗ್ಲಿಷ್ ವ್ಯಾಕರಣ ಪುಸ್ತಕದಾಗ ಅರ್ಧ ಪೇಜ್ ವಿವರಣೆ ಕೊಡ್ತಾರ, ನಮಗ ಒಂದ ಶಬ್ದ ಸಾಕು, ‘ಬಿಡು’. ಡಬ್ಬ್ಯಾಗಿನ ಫೇಡೆ ತಿಂದ ಅನ್ನೂದಕ್ಕೂ ಡಬ್ಬ್ಯಾಗಿನ ಫೇಡೆ ಎಲ್ಲಾ ತಿಂದ್ಬಿಟ್ಟ ಅನ್ನೂದಕ್ಕೂ ಇರೋ ಫರಕು ಮೂರು ವರ್ಷದ ಕೂಸಿಗೂ ಗೊತ್ತೈತಿ, ಅದ ಫರಕು ಏಟ್‌ಗೂ ಏಟ್ ಅಪ್‌ಗೂ, ಅದ ಫರಕು ಸ್ಪ್ಯಾನಿಷಿನ ‘ಕೊಮೇರ್’ಗೂ ‘ಕೊಮೇರ್ಸೆ’ಗೂ. ಸ್ಪ್ಯಾನಿಷಿನ್ಯಾಗ ‘ಸೆ’ ಅಂತ ಒಂದು ಸಣ್ಣ ತುಂಡು ಹಚ್ಚಿದ ಕೂಡ್ಲೇ ಅರ್ಥ ಗಟ್ಟಿ ಆಗ್ತೈತಿ, ‘ಈರ್’ ಅಂದ್ರ ಹೋಗು, ‘ಈರ್ಸೆ’ ಅಂದ್ರ ಇಲ್ಲಿಂದ ಹೊಂಟು ಹೋಗು, ಗೋ ಅವೇ. ‘ದೊರ್ಮೀರ್’ ಅಂದ್ರ ನಿದ್ದಿ ಮಾಡು, ‘ದೊರ್ಮೀರ್ಸೆ’ ಅಂದ್ರ ನಿದ್ದಿ ಹತ್ತು, ಡೋಜ್ ಆಫ್. ನಮ್ಮಲ್ಲಿ ಬಿಡು, ಹಾಕು, ಹೋಗು, ಇಡು, ನೋಡು, ಇವು ಇನ್ನೊಂದು ಕ್ರಿಯಾಪದದ ಬೆನ್ನ ಹಿಂದ ಬಂದು ಇದ ಕೆಲಸ ಮಾಡ್ತಾವು. ಟೇರ್ ಅಪ್ ಹರದು ಹಾಕು, ಬರ್ನ್ ಡೌನ್ ಸುಟ್ಟು ಹೋಗು, ರೈಟ್ ಡೌನ್ ಬರದಿಡು, ಪುಟ್ ಅವೇ ಎತ್ತಿಡು. ಟ್ರೈ ಔಟ್ ಅಂದ್ರ ಮಾಡಿ ನೋಡು, ಟ್ರೈ ಆನ್ ಅಂದ್ರ ಹಾಕ್ಕೊಂಡು ನೋಡು. ಈ ಕಡೇದು ಎರಡನ್ನ ಸ್ಪ್ಯಾನಿಷಿನ ಜೋಡಿ ಇಟ್ಟು ನೋಡಿದ್ರ ನನಗ ಈಗಲೂ ಖುಷಿ ಆಗ್ತೈತಿ, ಅವ್ರದು ಟ್ರೈ ಔಟ್ ‘ಪ್ರೊಬಾರ್’, ಟ್ರೈ ಆನ್ ‘ಪ್ರೊಬಾರ್ಸೆ’, ನಮ್ಮ ‘ಕೊಂಡು’ ಎಲ್ಲಿ ಬಂತೋ ಸರಿಯಾಗಿ ಅಲ್ಲೇ ಅವ್ರ ‘ಸೆ’ ಬಂದೈತಿ. ಪುಟ್ ಆನ್ ‘ಪೊನೇರ್ಸೆ’ ಹಾಕ್ಕೋ, ಲೈ ಡೌನ್ ‘ಅಕೊಸ್ತಾರ್ಸೆ’ ಮಲ್ಕೋ. ಎಲ್ಲಾ ಕಡೆ ಹೊಂದಂಗಿಲ್ಲ ಅನ್ನೂದನ್ನೂ ಹೇಳಬೇಕು, ಸಿಟ್ ಡೌನ್ ‘ಸೆಂತಾರ್ಸೆ’, ಮೈಸೂರು ಕಡೆ ‘ಕೂತ್ಕೋ’ ಅಂದ್ರ ಹೊಂದ್ತೈತಿ, ನಮ್ಮ ‘ಕುಂದ್ರು’ ಒಳಗ ಆ ಕೋ ಇಲ್ಲ. ಗೆಟ್ ಅಪ್ ‘ಲೆಬಂತಾರ್ಸೆ’, ನಮಗ ಬರೇ ಏಳು.

ಗಿವ್ ಅಪ್ ಒಂದನ್ನ ಬಿಡಬಾರ್ದು. ಸಿಗರೇಟ್ ಗಿವ್ ಅಪ್ ಮಾಡೂದಕ್ಕ ಸ್ಪ್ಯಾನಿಷಿನ್ಯಾಗ ‘ದೆಹಾರ್ ದೆ ಫುಮಾರ್’, ಈ ‘ದೆಹಾರ್’ ಅಂದ್ರ ಬಿಡು. ‘ದೇಹಮೆ’ ಅಂದ್ರ ನನ್ನ ಬಿಡು. ಒಳಗ ಬಿಡು ಅನ್ನಾಕೂ ಅದ, ಇಲ್ಲೇ ಬಿಟ್ಟು ಹೋಗು ಅನ್ನಾಕೂ ಅದ, ಚಟಾ ಬಿಡು ಅನ್ನಾಕೂ ಅದ. ಆದ್ರ ಆಟದಾಗ ಸೋತು ಗಿವ್ ಅಪ್ ಅಂದ್ರ ಅದು ‘ರೆಂದೀರ್ಸೆ’, ಸೋಲು ಒಪ್ಕೋ, ಕೈ ಚೆಲ್ಲು. ಅಂಕಣದಾಗ ಗಿವ್ ಅಪ್ ಎದುರಿಗೆ ಬರೇ ‘ತ್ಯಜಿಸು’ ಅಂತ ಇತ್ತು. ಅದನ್ನ ಓದಿದ ಹುಡುಗ ‘ಡೋಂಟ್ ಗಿವ್ ಅಪ್’ ಅನ್ನೂದನ್ನ ‘ತ್ಯಜಿಸಬೇಡ’ ಅಂತ ತಿಳ್ಕೊಂಡು ಏನು ತ್ಯಜಿಸಬಾರ್ದು ಅಂತ ನನ್ನ ಕೇಳಿದ. ಅವನ ಪ್ರಶ್ನೆ ಸರಿ ಐತಿ.

ನಾನು ಇಷ್ಟು ಹೊತ್ತು ಹೊಂದಾಣಿಕೆ ಹೇಳಿದ್ನಿ, ಇಂಗ್ಲಿಷ್ ಕನ್ನಡ, ಸ್ಪ್ಯಾನಿಷ್ ಎರಡರ ಜೋಡಿನೂ ಹೊಂದದೇ ಇರೋದು ಎಲ್ಲಿ ಅಂದ್ರ ‘ರನ್ ಔಟ್ ಆಫ್’. ಮನ್ಯಾಗ ಗ್ಯಾಸ್ ಮುಗೀತು. ಸ್ಪ್ಯಾನಿಷಿನ್ಯಾಗ ‘ಸೆ ನೋಸ್ ಅಕಬೋ ಎಲ್ ಗಾಸ್’, ಅಂದ್ರ ನಮಗ ಗ್ಯಾಸ್ ಮುಗೀತು, ಮುಗಿಯೂದು ಗ್ಯಾಸ್, ತ್ರಾಸು ನಮಗ. ಇಂಗ್ಲಿಷಿನ್ಯಾಗ ಮಾತ್ರ ‘ವಿ ರ‍್ಯಾನ್ ಔಟ್ ಆಫ್ ಗ್ಯಾಸ್’, ಕರ್ತೃ ನಾವ ಆಗಬೇಕು. ಅದಕ್ಕ ನಮ್ಮವ್ರು ‘ಗ್ಯಾಸ್ ಈಸ್ ಓವರ್’ ಅಂತಾರ. ಇಂಥ ಕಡೆ ಒಂದು ಶಬ್ದಕ್ಕ ಒಂದು ಶಬ್ದ ಕೊಟ್ರ ಉಪಯೋಗ ಇಲ್ಲ, ವಾಕ್ಯ ಪೂರಾ ಕೊಡಬೇಕು.

ಇನ್ನೊಂದು ಮುಖ್ಯ ಮಾತು, ನಮ್ಮ ಭಾರತದ ಇಂಗ್ಲಿಷಿನ್ಯಾಗ ಬೇರೂರಿದ ಕೆಲವು ಅದಾವು, ಅಂಕಣ ಅವನ್ನ ಮುಟ್ಟಲೇ ಇಲ್ಲ. ನಾನು ನೋಡೋ ಬಯೋಡೇಟಾದಾಗ ಭಾಳಷ್ಟರಾಗ ‘ಐ ಪಾಸ್ಡ್ ಔಟ್ ಇನ್ 2022’ ಅಂತ ಇರ್ತೈತಿ. ನಮ್ಮ ದೇಶದಾಗ ಅದು ಕಾಲೇಜ್ ಮುಗಿಸಿದೆ ಅಂತ, ಮಿಲಿಟರಿ ಟ್ರೇನಿಂಗ್ ಮುಗಿಸಿದವ್ರ ಪಾಸಿಂಗ್ ಔಟ್ ಪರೇಡ್ ಅಂತ ಇಂಗ್ಲಿಷಿನವ್ರೂ ಅಂತಾರ, ಆದ್ರ ಅವ್ರ ದಿನದ ಮಾತಿನ್ಯಾಗ ಪಾಸ್ ಔಟ್ ಅಂದ್ರ ಮೂರ್ಛೆ ಹೋಗು, ಸ್ಪ್ಯಾನಿಷಿನ ‘ದೆಸ್ಮಯಾರ್ಸೆ’. ಕಾಲೇಜ್ ಮುಗಿಸೂದಕ್ಕ ಸ್ಪ್ಯಾನಿಷಿನ್ಯಾಗ ‘ಗ್ರದ್ವಾರ್ಸೆ’, ಇಂಗ್ಲಿಷಿನ್ಯಾಗ ಗ್ರ್ಯಾಜುಯೇಟೆಡ್ ಅಂದ್ರ ಮುಗೀತು. ಹೊರದೇಶದ ಕಂಪನಿಗೆ ಅರ್ಜಿ ಹಾಕೋ ಹುಡುಗ್ರಿಗೆ ಇದು ಗೊತ್ತಿರಬೇಕು. ಹಂಗ ನಿಭಾಯಿಸು ಅನ್ನಾಕ ಆಡೋ ‘ಕೋಪ್ ಅಪ್ ವಿತ್’. ಪುಟ್ ಅಪ್ ವಿತ್, ಕೀಪ್ ಅಪ್ ವಿತ್ ಕೇಳಿ ಕೇಳಿ ಕೋಪ್‌ಗೂ ನಾವು ಅಪ್ ಹಚ್ಚೀವಿ, ಅಲ್ಲಿ ಅಪ್ ಇಲ್ಲ, ಕೋಪ್ ವಿತ್ ಅಷ್ಟ.

ಚೆಕಪ್, ಪಿಕಪ್, ಲಾಕ್‌ಡೌನ್, ಬ್ರೇಕ್‌ಡೌನ್, ಡ್ರಾಪೌಟ್, ಸೆಟಪ್, ಬಿಲ್ಡಪ್ ಇವೆಲ್ಲಾ ಈಗ ಕನ್ನಡನ ಆಗ್ಯಾವು, ಅಕ್ಷರ ಬಾರದ ಅಜ್ಜಿನೂ ‘ಚೆಕಪ್‌ಗೆ ಹೋಗಿದ್ದೆ’ ಅಂತಾಳ, ಹುಬ್ಬಳ್ಳಿಯ ದೊಡ್ಡ ಸರ್ಕಾರಿ ದವಾಖಾನಿ ಕಿಮ್ಸಿಗೆ ಹೋಗಿ ಬಂದವ್ರೆಲ್ಲಾ ಹಂಗ ಅಂತಾರ. ನಾವು ತಗೊಂಡಿದ್ದು ನಾಮಪದ, ಅದಕ್ಕ ಆಗು, ಮಾಡು ಹಚ್ಚಿ ನಡಸ್ತೀವಿ, ‘ಬಸ್ ಬ್ರೇಕ್‌ಡೌನ್ ಆತು’. ಇಲ್ಲಿಂದ ‘ದಿ ಬಸ್ ಬ್ರೋಕ್ ಡೌನ್’ಗೆ ಒಂದ ಹೆಜ್ಜಿ. ನಾಮಪದದಾಗ ಒತ್ತು ಮೊದಲಿನ ತುಂಡಿನ ಮ್ಯಾಲ, ಕ್ರಿಯಾಪದದಾಗ ಒತ್ತು ಬಾಲದ ಮ್ಯಾಲ, ಬರಿಯುವಾಗ ಲಾಗಿನ್ ಅನ್ನೋ ನಾಮಪದ ಕೂಡಿಸಿ, ಲಾಗ್ ಇನ್ ಅನ್ನೋ ಕ್ರಿಯಾಪದ ಬಿಡಿಸಿ. ಇದನ್ನ ಅಚ್ಚಿನ್ಯಾಗ ತೋರಿಸೂದು ಸುಲಭ, ಒತ್ತು ಬರೋ ತುಂಡನ್ನ ದಪ್ಪ ಅಕ್ಷರದಾಗ ಹಾಕಿದ್ರ ಆತು. ಮತ್ತ ‘ಇಟ್’ ಎಲ್ಲಿ ಕುಂದರ್ತೈತಿ ಅನ್ನೂದನ್ನೂ ತೋರಸ್ರಿ, ಟರ್ನ್ ಇಟ್ ಆಫ್ ಸರಿ, ಟರ್ನ್ ಆಫ್ ಇಟ್ ತಪ್ಪು, ಆದ್ರ ಲುಕ್ ಆಫ್ಟರ್ ಇಟ್ ಸರಿ, ಲುಕ್ ಇಟ್ ಆಫ್ಟರ್ ತಪ್ಪು. ಪರೀಕ್ಷಾದಾಗ ತಪ್ಪು ಹುಡುಕೋ ಪ್ರಶ್ನೆಯೊಳಗ ಇದ ಬರ್ತೈತಿ.

‘ಇಂಗ್ಲಿಷಿನ್ಯಾಗ ಯೋಚನೆ ಮಾಡ್ರಿ, ಕನ್ನಡದಾಗ ತರ್ಜುಮೆ ಮಾಡಬ್ಯಾಡ್ರಿ’ ಅಂತ ದೊಡ್ಡ ದೊಡ್ಡ ಕೋಚಿಂಗ್ ಜಾಹೀರಾತಿನ್ಯಾಗ ಬರೀತಾರ. ಆರು ವರ್ಷದ ಮಗುಗೆ ಸರಿ ಐತಿ. ಇಪ್ಪತ್ತೆರಡು ವರ್ಷದ ಹುಡುಗ, ರೋಣ ಇಲ್ಲಾ ಶಿರಹಟ್ಟಿ ಕಡೆ ಕನ್ನಡ ಮೀಡಿಯಂ ಸಾಲ್ಯಾಗ ಓದಿ ಬಂದವ, ಅವನ ತಲ್ಯಾಗ ಕನ್ನಡ ಇದ್ದ ಇರ್ತೈತಿ, ಅದನ್ನ ಹೊರಗ ಹಾಕು ಅಂದ್ರ ಅವ ಮಾತ ನಿಲ್ಲಸ್ತಾನ. ಅದಕ್ಕಿಂತ ಆ ಕನ್ನಡನ ಕೆಲಸಕ್ಕ ಹಚ್ಚೂದು ಚೊಲೊ. ಸ್ಪ್ಯಾನಿಷ್ ಮಂದಿ ತಮ್ಮ ಪಟ್ಟಿ ಮಾಡ್ಕೊಳ್ಳುವಾಗ ಯಾವ ನಾಚಿಕೆನೂ ಇಲ್ಲದ ತಮ್ಮ ಮಾತು ಬರೀತಾರ, ಅದರ ಮ್ಯಾಲ ಯಾವ ದೇಶದಾಗ ಹೆಂಗ ಅಂತಾರ ಅಂತನೂ ಬರೀತಾರ. ಗಾಡಿ ಬ್ರೇಕ್ ಡೌನ್ ಆಗೂದಕ್ಕ ಸ್ಪೇನ್‌ದಾಗ ‘ಅಬೆರಿಯಾರ್ಸೆ’, ಮೆಕ್ಸಿಕೊದಾಗ ‘ದೆಸ್ಕೊಂಪೊನೇರ್ಸೆ’, ಕೊಲಂಬಿಯಾದಾಗ ‘ಬರಾರ್ಸೆ’. ಇದ ಥರ ನಮ್ಮ ಅಂಕಣದಾಗ ಧಾರವಾಡ ಕಡೆ ಲೈಟ್ ಹಚ್ಚು, ಮೈಸೂರು ಕಡೆ ಲೈಟ್ ಹಾಕು ಅಂತ ಎರಡೂ ಬಂದ್ರ ಯಾರ ಮರ್ಯಾದಿನೂ ಕಡಿಮಿ ಆಗಂಗಿಲ್ಲ. ಜರ್ಮನಿಯಿಂದ ಬಂದ ಕಿಟೆಲ್ ಸಾಹೇಬ್ರು ಇದ ಧಾರವಾಡದಾಗೂ ಇದ್ದು ಮಂದಿ ಮಾತು, ಗಾದಿ ಎಲ್ಲಾ ಕೂಡಿಸಿ 1894ರಾಗ ಕನ್ನಡ ಇಂಗ್ಲಿಷ್ ನಿಘಂಟು ತಂದ್ರು. ಆಡುಮಾತಿಗೆ ಅವ್ರು ಕೊಟ್ಟ ಬೆಲಿ ನಾವು ನಮ್ಮ ಅಂಕಣದಾಗ ಯಾಕ ಕೊಡಬಾರ್ದು?

ಪಕ್ಕದ ಗೋವಾದಾಗ ಆಳಿದ ಪೋರ್ಚುಗೀಸರ ಭಾಷಾ ಸ್ಪ್ಯಾನಿಷಿಗೆ ಭಾಳ ಹತ್ರ, ನಾವು ದಿನಾ ಅನ್ನೋ ‘ಪಗಾರ’ ಪೋರ್ಚುಗೀಸಿನ ‘ಪಗಾರ್’ದಿಂದ ಮರಾಠಿ ಮೂಲಕ ಬಂದದ್ದು, ಸ್ಪ್ಯಾನಿಷಿನ್ಯಾಗೂ ಕೊಡೂದಕ್ಕ, ಸಾಲ ಪೇ ಆಫ್ ಮಾಡೂದಕ್ಕ ‘ಪಗಾರ್’ ಅಂತನ ಅಂತಾರ. ಇದನ್ನ ಹೇಳಿದಾಗ ಕ್ಲಾಸಿನ್ಯಾಗ ಹುಡುಗ್ರ ಮುಖ ಅರಳಿದ್ದು ನೋಡಬೇಕಿತ್ತು.

ಅಂಕಣ ಬರಿಯೋರ ಶ್ರಮಕ್ಕ ನಾನು ಸಣ್ಣ ಮಾಡಿ ಹೇಳಾಕತ್ತಿಲ್ಲ, ವಾರ ವಾರ ಬರಿಯೂದು ಸಣ್ಣ ಕೆಲಸ ಅಲ್ಲ. ನಾನು ಕೇಳೂದು ಇಷ್ಟ, ವರ್ಬ್ ಹೆಸರಿನ ಮ್ಯಾಲ ಪಟ್ಟಿ ಮಾಡೂದು ಬಿಟ್ಟು ಸನ್ನಿವೇಶದ ಮ್ಯಾಲ ಮಾಡ್ರಿ, ಒಂದು ವಾರ ಬಸ್ ಸ್ಟ್ಯಾಂಡ್, ಒಂದು ವಾರ ಅಡಿಗಿಮನಿ, ಒಂದು ವಾರ ಫೋನು, ಒಂದು ವಾರ ಬ್ಯಾಂಕು. ಐದು ಕೊಟ್ರ ಸಾಕು, ಇಪ್ಪತ್ತು ಬ್ಯಾಡ, ಪ್ರತಿಯೊಂದಕ್ಕೂ ಮನಿ ಕನ್ನಡದಾಗ ಪೂರಾ ಒಂದು ವಾಕ್ಯ ಇರ್ಲಿ. ಅಡಿಗಿಮನಿ ವಾರದ್ದು ನಾನ ಬರದು ಇದರ ಜೋಡಿ ಇಟ್ಟೀನಿ, ಒಲಿ ಹಚ್ಚೂದ್ರಿಂದ ಹಿಡದು ಹಾಲು ಉಕ್ಕಿ ಚೆಲ್ಲೋ ತನಕ, ‘ಬಾಯ್ಲ್ ಓವರ್’ಗೆ ‘ಉಕ್ಕಿ ಹೋತು’ ಅಂತ ಹಾಕೀನಿ, ಗದಗ ಹಾವೇರಿ ಕಡೆ ಓದುಗರು ಬ್ಯಾರೆ ಅಂತಿದ್ರ ತಿದ್ದಿ ಕಳಸಲಿ, ಅದನ್ನೂ ಸೇರಿಸ್ರಿ. ಫೋನಿಂದು ಮುಂದಿನ ವಾರ ಕಳಸ್ತೀನಿ.

ಇಂತಿ ತಮ್ಮ ಓದುಗ,
ಒಬ್ಬ ಇಂಗ್ಲಿಷ್ ಮಾಸ್ತರ
ವಿದ್ಯಾನಗರ, ಹುಬ್ಬಳ್ಳಿ